ಪುಣೆ-ಮುಂಬೈಲಿ ಗನ್ ಶೂಟಿಂಗ್ ಕಲಿಯೋಕೆ ಯಾವ ರೇಂಜಿಗೆ ಸೇರೋದು? ದುಡ್ಡು ಕಟ್ಟೋಕೆ ಮುಂಚೆ ಏನೇನು ನೋಡ್ಬೇಕು

"ಅಕ್ಕಾ, ಮಗನ್ನ ಶೂಟಿಂಗಿಗೆ ಹಾಕ್ಬೇಕಂತ ಮಾಡೀವಿ, ಯಾವ ಕ್ಲಬ್ ಛಲೋ ಅದ?" ಈ ಪ್ರಶ್ನೆ ನನಗೆ ಪ್ಯಾರಿಸ್ ಒಲಿಂಪಿಕ್ಸ್ ಆದಾಗಿಂದ ಸಂಘದ ಕಾರ್ಯಕ್ರಮದಲ್ಲಿ, ಮದುವೆ ಪಂಕ್ತಿಲಿ, ಬಿಲ್ಡಿಂಗ್ ಲಿಫ್ಟಲ್ಲಿ ಎಲ್ಲಾ ಕಡೆ ಬರ್ತಿದೆ. 2024ರಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ತ್ರೀ ಪೊಸಿಷನ್‌ನಲ್ಲಿ (ಮಂಡಿಯೂರಿ, ಮಲಗಿ, ನಿಂತು ಹೊಡೆಯೋದು) 451.4 ಹೊಡೆದು ಕಂಚು ತಂದ್ರು. ಅವರು ಕೊಲ್ಹಾಪುರ ಕಡೆಯ ಹಳ್ಳಿಯವರು, ಕೆಲಸ ರೈಲ್ವೆಲಿ, ವರ್ಷಗಟ್ಟಲೆ ಪ್ರಾಕ್ಟೀಸ್ ಮಾಡಿದ್ದು ಇಲ್ಲೇ ಪುಣೆಯ ಬಾಲೇವಾಡಿಲಿ. ಮನೆ ಹತ್ರದ ರೇಂಜಲ್ಲಿ ಕಲಿತವರು ಒಲಿಂಪಿಕ್ ಪದಕ ತಂದ್ರೆ ಯಾವ ಅಪ್ಪ ಅಮ್ಮನಿಗೆ ಆಸೆ ಆಗಲ್ಲ ಹೇಳಿ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳೋ ಬದಲು ಎಲ್ಲಾ ಒಂದ್ಕಡೆ ಬರೀತಿದೀನಿ.

ನಾನು ಹುಬ್ಬಳ್ಳಿಯವಳು, ಪುಣೆಯ ಕೋಥ್ರುಡ್‌ಗೆ ಬಂದು ಹದಿನೆಂಟು ವರ್ಷ ಆಯ್ತು. ಮಗಳನ್ನ ಸೇರಿಸೋಕೆ ಅಂತ ಹೋಗಿ ಹಿಂದಿನ ಕುರ್ಚಿಲಿ ಎರಡು ತಿಂಗಳು ಕೂತು ಕೂತು ಆಮೇಲೆ ನಾನೇ ಪಿಸ್ತೂಲ್ ಹಿಡಿದೆ. ಈಗ ಭಾನುವಾರ ಬೆಳಗ್ಗೆ ನಮ್ಮ ಕ್ಲಬ್ಬಲ್ಲಿ ಹೊಸದಾಗಿ ಬಂದೋರನ್ನ ನೋಡ್ಕೊಳ್ಳೋ ಪಾಳಿ ನಂದು. ಹಂಗಾಗಿ ಮೊದಲನೇ ದಿನ ಜನ ಹೆಂಗಿರ್ತಾರೆ, ಎಲ್ಲಿ ತಪ್ತಾರೆ, ಕ್ಲಬ್ಬಿನೋರು ಎಲ್ಲಿ ತಪ್ತಾರೆ ಅನ್ನೋದು ಹತ್ತಿರದಿಂದ ನೋಡಿದೀನಿ. ನನ್ನ ತೀರ್ಮಾನ ಮೊದಲೇ ಹೇಳಿಬಿಡ್ತೀನಿ: ಗೋಡೆ ಮೇಲಿನ ಮೆಡಲ್ ಫೋಟೋ, ಎಸಿ, ಎಲೆಕ್ಟ್ರಾನಿಕ್ ಟಾರ್ಗೆಟ್ ಇವೆಲ್ಲಾ ಆಮೇಲೆ ನೋಡಿ, ಮೊದಲು ನೋಡ್ಬೇಕಾದ್ದು ಗುರುತು ಪರಿಚಯ ಇಲ್ಲದ ಒಬ್ಬ ಹೊಸಬ ಬಾಗಿಲಲ್ಲಿ ಬಂದು ನಿಂತಾಗ ಮುಂದಿನ ಒಂದು ಗಂಟೆ ಅಲ್ಲಿ ಏನಾಗುತ್ತೆ ಅನ್ನೋದು. ಆ ಒಂದು ಗಂಟೇಲಿ ಆ ಜಾಗದ ಸೇಫ್ಟಿಯೂ ತಿಳಿಯುತ್ತೆ, ಕಲಿಸೋ ಮನಸ್ಸೂ ತಿಳಿಯುತ್ತೆ.

ಮೊದಲು ಯಾವ ಶೂಟಿಂಗ್ ಅಂತ ಗೊತ್ತಿರಲಿ

ಹೊಸಬರಿಗೆ 99 ಪಾಲು ಅದು 10 ಮೀಟರ್ ಏರ್ ರೈಫಲ್ ಅಥವಾ ಏರ್ ಪಿಸ್ತೂಲ್. ಒಳಗಡೆ ಹಾಲ್‌ನಲ್ಲಿ ನಡೆಯೋದು, ಗಾಳಿ ಒತ್ತಡದಿಂದ 4.5 ಮಿಲಿಮೀಟರ್ ಸೀಸದ ಪೆಲೆಟ್ ಹಾರುತ್ತೆ, ಮದ್ದು ಇಲ್ಲ, ದೊಡ್ಡ ಸದ್ದೂ ಇಲ್ಲ. ಲೈಸೆನ್ಸ್ ಬೇಕಾ ಅಂತ ಎಲ್ಲಾರೂ ಕೇಳ್ತಾರೆ, ನಮ್ಮ ದೇಶದ 2016ರ ಆರ್ಮ್ಸ್ ರೂಲ್ಸ್ ಪ್ರಕಾರ 4.5 ಮಿಲಿಮೀಟರ್ ದಾಟದ, 20 ಜೂಲ್ ಶಕ್ತಿ ಮೀರದ ಏರ್‌ಗನ್‌ಗೆ ಲೈಸೆನ್ಸ್ ಬೇಡ. ಮ್ಯಾಚ್ ರೈಫಲ್‌ಗಳು ಈ ಮಿತಿಗಿಂತ ಎಷ್ಟೋ ಕೆಳಗೆ ಇರ್ತವೆ. ಆದ್ರೆ ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಆಟಿಕೆ ಅಂತ ತಿಳ್ಕೋಬೇಡಿ, ಹತ್ತಿರದಿಂದ ಬಿದ್ರೆ ಕಣ್ಣು ಹೋಗುತ್ತೆ.

25 ಮತ್ತು 50 ಮೀಟರ್‌ದು ಪಾಯಿಂಟ್ 22, ಅಂದ್ರೆ ನಿಜವಾದ ಬುಲೆಟ್. ಸ್ವಂತದ್ದು ಇಟ್ಕೋಬೇಕಂದ್ರೆ ಲೈಸೆನ್ಸ್ ಬೇಕೇ ಬೇಕು, ಕಲಿಯೋವಾಗ ಲೈಸೆನ್ಸ್ ಇರೋ ಕ್ಲಬ್ಬಿನ ಗನ್‌ನ ರೇಂಜ್ ಒಳಗೇ ಅವರ ಕಣ್ಣೆದುರಿಗೇ ಹೊಡೀಬೇಕು. ಇದು ಎರಡನೇ ಹಂತ. ಮೊದಲನೇ ದಿನವೇ "ಬನ್ನಿ ಪಾಯಿಂಟ್ 22 ಟ್ರೈ ಮಾಡಿಸ್ತೀವಿ" ಅಂತ ಆಸೆ ತೋರಿಸೋ ಜಾಗದ ಬಗ್ಗೆ ನನಗೆ ಒಳ್ಳೆ ಅಭಿಪ್ರಾಯ ಇಲ್ಲ.

ಎಲ್ಲೆಲ್ಲಿ ಹೋಗಬಹುದು

ಪುಣೇಲಿ ಇರೋರಿಗೆ ಮೊದಲು ಬಾಲೇವಾಡಿ ನೆನಪಾಗುತ್ತೆ, ಶ್ರೀ ಶಿವಛತ್ರಪತಿ ಕ್ರೀಡಾ ಸಂಕುಲ. 1994ರ ನ್ಯಾಷನಲ್ ಗೇಮ್ಸ್‌ಗೆ ಅಂತ ಕಟ್ಟಿದ್ದು, 2008ರ ಕಾಮನ್‌ವೆಲ್ತ್ ಯೂತ್ ಗೇಮ್ಸ್ ಕೂಡ ಅಲ್ಲೇ ಆಯ್ತು. 10, 25, 50 ಮೀಟರ್ ಮೂರೂ ಒಂದೇ ಆವರಣದಲ್ಲಿ. ಗಗನ್ ನಾರಂಗ್ ಅವರ ಗನ್ ಫಾರ್ ಗ್ಲೋರಿ ಅಕಾಡೆಮಿ 2011ರಲ್ಲಿ ಶುರುವಾಗಿದ್ದೂ ಪುಣೇಲೇ. ಇಂಥ ದೊಡ್ಡ ರೇಂಜಿನ ಲಾಭ ಏನಂದ್ರೆ ಮ್ಯಾಚ್ ನಡೆಯೋ ಜಾಗ ಅದು, ಹಾಗಾಗಿ ಕಮಾಂಡ್, ಲೇನ್ (ಒಬ್ಬೊಬ್ಬರು ನಿಂತು ಹೊಡೆಯೋ ಜಾಗ) ಶಿಸ್ತು, ಗನ್ ಖಾಲಿ ಅಂತ ತೋರಿಸೋ ಫ್ಲ್ಯಾಗ್ ಎಲ್ಲಾ ಅಲ್ಲಿ ರೂಢಿಲೇ ಇರುತ್ತೆ, ಮಕ್ಕಳು ದೊಡ್ಡ ಶೂಟರ್‌ಗಳನ್ನ ನೋಡ್ತಾ ನೋಡ್ತಾನೇ ಅರ್ಧ ಕಲೀತಾರೆ. ಕಷ್ಟ ಏನಂದ್ರೆ ಹೊಸಬರಿಗೆ ಅಲ್ಲಿ ಕಳೆದುಹೋದಂಗೆ ಆಗುತ್ತೆ, ಯಾರನ್ನ ಕೇಳ್ಬೇಕು ಗೊತ್ತಾಗಲ್ಲ, ಎಲ್ಲಾರೂ ತಮ್ಮ ತಮ್ಮ ಸ್ಕೋರಲ್ಲಿ ಮುಳುಗಿರ್ತಾರೆ. ಹಡಪ್ಸರ್ ಕಡೆ ಮನೆ ಇದ್ರೆ ಸಂಜೆ ಟ್ರಾಫಿಕಲ್ಲಿ ವಾರಕ್ಕೆ ಮೂರು ದಿನ ಹೋಗಿ ಬರೋದು ಸುಲಭ ಅಲ್ಲ, ಬಾಣೇರ್ ವಾಕಡ್ ಕಡೆಯೋರಿಗೆ ಪರವಾಗಿಲ್ಲ.

ಮುಂಬೈಲಿ ವರ್ಲಿ ಸೀಫೇಸ್ ಹತ್ರದ ಮಹಾರಾಷ್ಟ್ರ ರೈಫಲ್ ಅಸೋಸಿಯೇಷನ್ ರೇಂಜ್ ಹಳೇದು, ಹೆಸರಾದದ್ದು. ಮಾಟುಂಗ ಕಡೆಯ ನಮ್ಮೋರಿಗೆ ಹತ್ತಿರ. ಅಸೋಸಿಯೇಷನ್ ರೇಂಜಿಗೆ ಹೋದ್ರೆ ಸ್ಟೇಟ್ ಮಟ್ಟದ ಸ್ಪರ್ಧೆ, ಅಲ್ಲಿಂದ ಮಾವಳಂಕರ್ ಅನ್ನೋ ಅಖಿಲ ಭಾರತ ಸ್ಪರ್ಧೆ, ಅಲ್ಲಿಂದ ನ್ಯಾಷನಲ್ಸ್ ಅನ್ನೋ ಏಣಿ ಹೆಂಗೆ ಅಂತ ಬೇಗ ತಿಳಿಯುತ್ತೆ, ಫಾರ್ಮು ಗೀರ್ಮು ಎಲ್ಲಾ ಅವರಿಗೆ ಬಾಯಿಪಾಠ.

ನವಿ ಮುಂಬೈ ಕಡೆ, ಪನ್ವೆಲ್‌ನಲ್ಲಿ, ಸುಮಾ ಶಿರೂರ್ ಅವರ ಲಕ್ಷ್ಯ ಶೂಟಿಂಗ್ ಕ್ಲಬ್ ಇದೆ. ಸುಮಾ ಅವರು ಹುಟ್ಟಿದ್ದು ನಮ್ಮ ಚಿಕ್ಕಬಳ್ಳಾಪುರದಲ್ಲಿ, ಇದನ್ನ ಹೇಳಿದಾಗೆಲ್ಲಾ ನನಗೆ ಖುಷಿ. 2004ರ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ 400ಕ್ಕೆ 400 ಹೊಡೆದು ವಿಶ್ವದಾಖಲೆ ಸರಿಗಟ್ಟಿದೋರು, ಅದೇ ವರ್ಷ ಅಥೆನ್ಸ್ ಒಲಿಂಪಿಕ್ಸ್ ಫೈನಲ್ ತಲುಪಿದೋರು, ಆಮೇಲೆ ಪ್ಯಾರಾಲಿಂಪಿಕ್ಸ್ ಚಿನ್ನ ಗೆದ್ದ ಅವನಿ ಲೇಖರಾ ಅವರ ಕೋಚ್. ಖಾರ್ಘರ್, ನೆರೂಲ್ ಕಡೆ ಇರೋರು ಇದನ್ನ ನೋಡದೇ ಬೇರೆ ಕಡೆ ಹೋಗಬೇಡಿ. ಸ್ವತಃ ಒಲಿಂಪಿಕ್ಸ್ ಆಡಿದೋರು ನಡೆಸೋ ಜಾಗದಲ್ಲಿ ಗುರಿ ದೊಡ್ಡದಿರುತ್ತೆ, ಬರೀ ವಾರಕ್ಕೊಂದ್ಸಲ ಹೋಗ್ತೀನಿ ಅನ್ನೋ ದೊಡ್ಡವರು ಮೊದಲೇ ಕೇಳಿಕೊಳ್ಳಿ, ತಮ್ಮಂಥವರಿಗೆ ಬ್ಯಾಚ್ ಇದೆಯಾ ಅಂತ.

ಕಾಲೇಜಿನ ಮಕ್ಕಳಿಗೆ ಎನ್‌ಸಿಸಿ ದಾರಿ ಇದೆ, ಇದನ್ನ ಜನ ಮರೀತಾರೆ. ಅಂಜಲಿ ಭಾಗವತ್ ಮುಂಬೈಲಿ ಎನ್‌ಸಿಸಿ ಕೆಡೆಟ್ ಆಗಿದ್ದಾಗಲೇ ಗನ್ ಹಿಡಿದಿದ್ದು, 2000ದ ಸಿಡ್ನಿ ಒಲಿಂಪಿಕ್ಸ್ ಫೈನಲ್‌ವರೆಗೂ ಹೋದ್ರು. ಖರ್ಚು ಇಲ್ಲ ಅಂತಲೇ ಹೇಳಬಹುದು, ಶಿಸ್ತು ಸೈನ್ಯದ್ದು. ಆದ್ರೆ ಪಾಳಿ ಬರೋದು ಅಪರೂಪ, ದಿನಾ ಪ್ರಾಕ್ಟೀಸ್ ಸಿಗಲ್ಲ.

ಇನ್ನು ಉಳಿದಿದ್ದು ಗಲ್ಲಿ ಗಲ್ಲಿಲಿ ಇರೋ 10 ಮೀಟರ್ ಅಕಾಡೆಮಿಗಳು, ಬೇಸ್‌ಮೆಂಟಲ್ಲಿ ನಾಲ್ಕು ಲೇನ್, ಶಾಲೆ ಟೆರೇಸಲ್ಲಿ ಆರು ಲೇನ್ ಹಿಂಗೆ. ನಮ್ಮಲ್ಲಿ ಹೆಚ್ಚಿನವರು ಕೊನೆಗೆ ಸೇರೋದು ಇಂಥಲ್ಲೇ, ಯಾಕಂದ್ರೆ ಮನೆ ಹತ್ರ, ಕೋಚ್‌ಗೆ ಮಗುವಿನ ಹೆಸರು ಗೊತ್ತಿರುತ್ತೆ, ಟೈಮ್ ನಮಗೆ ಬೇಕಾದಂಗೆ. ಇವುಗಳಲ್ಲಿ ಬಹಳ ಒಳ್ಳೇವೂ ಇವೆ, ಕಾಲಿಡಬಾರದಂಥವೂ ಇವೆ, ಹೊರಗಿನ ಬೋರ್ಡ್ ನೋಡಿದ್ರೆ ಎರಡೂ ಒಂದೇ ಥರ ಕಾಣ್ತವೆ. ಹಾಗಾಗಿ ಮುಂದೆ ಹೇಳೋದೆಲ್ಲಾ ಮುಖ್ಯವಾಗಿ ಇವಕ್ಕೇ.

ಒಳಗೆ ಹೋದ್ಮೇಲೆ ಕಣ್ಣು ಎಲ್ಲಿರಬೇಕು

ನನ್ನ ಮಗಳನ್ನ ಮೊದಲು ಸೇರಿಸಿದ್ದು ಅಂಥದ್ದೇ ಒಂದು ಜಾಗಕ್ಕೆ, ಹೆಸರು ಬೇಡ. ಮೂರನೇ ವಾರ ಇರಬೇಕು, ಪೇಪರ್ ಟಾರ್ಗೆಟ್ ಬದಲಾಯಿಸೋಕೆ ಒಬ್ಬ ಹುಡುಗ ಸೀದಾ ಮುಂದೆ ನಡೆದುಕೊಂಡು ಹೋದ, ಪಕ್ಕದ ಲೇನಲ್ಲಿ ಇನ್ನೊಬ್ಬ ಆಗಲೇ ಪೆಲೆಟ್ ಹಾಕಿ ಲಿವರ್ ಮುಚ್ಚಿ ರೈಫಲ್ ಭುಜಕ್ಕೆ ಏರಿಸಿದ್ದ. ಕಣ್ಣಿನ ಪಕ್ಕಕ್ಕೆ ಮರೆ ಮಾಡೋ ಬ್ಲೈಂಡರ್ ಹಾಕ್ಕೊಂಡೋನಿಗೆ ಪಕ್ಕದಲ್ಲಿ ಯಾರು ನಡೆದ್ರು ಅಂತ ಕಾಣಲ್ಲ. ಕೋಚ್ ಬಾಗಿಲ ಹತ್ರ ಫೋನಲ್ಲಿ ಮಾತಾಡ್ತಿದ್ರು. ನಾನು "ಏ ನಿಲ್ಲು" ಅಂತ ಕನ್ನಡದಲ್ಲೇ ಚೀರಿದೆ, ಅರ್ಥ ಆಗದಿದ್ರೂ ಹುಡುಗ ಗಾಬರಿಗೆ ರೈಫಲ್ ಇಳಿಸಿದ, ಏನೂ ಆಗಲಿಲ್ಲ. ಕೋಚ್ ನನಗೇ ಬಂದು ಹೇಳಿದ್ದು, ಮೇಡಂ ರೇಂಜಲ್ಲಿ ಕೂಗಬಾರದು, ಮಕ್ಕಳ ಕಾನ್ಸಂಟ್ರೇಷನ್ ಹೋಗುತ್ತೆ ಅಂತ. ಅವತ್ತೇ ಮಗಳನ್ನ ಕರ್ಕೊಂಡು ಬಂದೆ, ಮೂರು ತಿಂಗಳ ಫೀಸು ಹೋಯ್ತು, ಹೋಗಲಿ.

ಅದಾದ್ಮೇಲೆ ನಾನು ಯಾವ ರೇಂಜಿಗೆ ಹೋದ್ರೂ ಮೊದಲು ನೋಡೋದು ಟಾರ್ಗೆಟ್ ಹೆಂಗೆ ಬದಲಾಯಿಸ್ತಾರೆ ಅಂತ. ಎಲೆಕ್ಟ್ರಾನಿಕ್ ಟಾರ್ಗೆಟ್ ಇದ್ರೆ ಯಾರೂ ಮುಂದೆ ಹೋಗೋದೇ ಬೇಡ, ಸ್ಕೋರ್ ಪಕ್ಕದ ಸ್ಕ್ರೀನಲ್ಲೇ ಬರುತ್ತೆ. ತಂತಿ ಮೇಲೆ ಓಡೋ ಪುಲ್ಲಿ ಟಾರ್ಗೆಟ್, ಕೈಲಿ ತಿರುಗಿಸೋದೋ ಮೋಟಾರಿಂದೋ, ಅದೂ ಬಹಳ ಒಳ್ಳೇದು, ಪೇಪರ್ ತಾನೇ ನಮ್ಮ ಹತ್ರ ಬರುತ್ತೆ. ನಡೆದು ಹೋಗಿ ಬದಲಾಯಿಸೋ ರೇಂಜೂ ಸುರಕ್ಷಿತವಾಗಿ ನಡೆಸಬಹುದು, ಆದ್ರೆ ಅಲ್ಲಿ ಎಲ್ಲಾ ಲೇನೂ ಒಟ್ಟಿಗೆ ನಿಲ್ಲಬೇಕು, ಎಲ್ಲಾ ಗನ್ ಖಾಲಿ ಆಗಿ ಫ್ಲ್ಯಾಗ್ ಹಾಕಿರಬೇಕು, ಗನ್ ಮುಟ್ಟದೇ ಎಲ್ಲಾರೂ ಹಿಂದೆ ಸರಿದ ಮೇಲೆ ಒಬ್ಬರು ಜೋರಾಗಿ ಹೇಳಬೇಕು, ಆಮೇಲೇ ಮುಂದೆ ಹೆಜ್ಜೆ. ಪೇಪರ್ ಟಾರ್ಗೆಟ್ ಇಟ್ಕೊಂಡು ಇಷ್ಟು ಕಟ್ಟುನಿಟ್ಟಾಗಿ ನಡೆಸೋ ಜಾಗಕ್ಕೆ ನಾನು ಎಲೆಕ್ಟ್ರಾನಿಕ್ ಇಟ್ಕೊಂಡು ಸಡಿಲ ಬಿಟ್ಟಿರೋ ಜಾಗಕ್ಕಿಂತ ಜಾಸ್ತಿ ಅಂಕ ಕೊಡ್ತೀನಿ.

ಫ್ಲ್ಯಾಗ್ ಅಂದ್ನಲ್ಲ, ಅದು ಕಿತ್ತಳೆ ಅಥವಾ ಹಸಿರು ಬಣ್ಣದ ಉದ್ದನೆ ಪ್ಲಾಸ್ಟಿಕ್ ದಾರ. ಲಿವರ್ ತೆಗೆದು ಬ್ಯಾರಲ್ ಒಳಗೆ ತೂರಿಸಿದ್ರೆ ಆ ತುದೀಲಿ ಹೊರಗೆ ಕಾಣಬೇಕು, ಕಂಡ್ರೆ ಒಳಗೆ ಪೆಲೆಟ್ ಇಲ್ಲ ಅಂತ ದೂರದಿಂದಲೇ ಎಲ್ಲಾರಿಗೂ ಗೊತ್ತಾಗುತ್ತೆ. ಕೆಲವೇ ರೂಪಾಯಿ ವಸ್ತು. ಮೇಜಿನ ಮೇಲೆ ಇಟ್ಟಿರೋ ಗನ್‌ಗಳನ್ನ ಒಂದು ಸಲ ಸುಮ್ನೆ ಎಣಿಸಿ, ಎಷ್ಟಕ್ಕೆ ಫ್ಲ್ಯಾಗ್ ಇದೆ ಎಷ್ಟಕ್ಕಿಲ್ಲ ಅಂತ. ಕೊಡಗಿನ ಗೆಳತಿ ಒಬ್ಬಳು ಇದಾಳೆ ನನಗೆ, ಅವಳ ಮನೇಲಿ ಕೋವಿ ಯಾರ ಕೈಗಾದ್ರೂ ಕೊಡ್ಬೇಕಂದ್ರೆ ಮೊದಲು ಮಡಚಿ, ಖಾಲಿ ನಳಿಗೆ ತೋರಿಸಿ, ಇಸ್ಕೊಳ್ಳೋನೂ ಕಣ್ಣಾರೆ ನೋಡಿ ಆಮೇಲೆ ಕೈ ಬದಲಾಗೋದಂತೆ, ಅವಳ ಅಜ್ಜನ ಕಾಲದಿಂದ. ಫ್ಲ್ಯಾಗ್ ಮಾಡೋದೂ ಅದೇ ಕೆಲಸ.

ಆಮೇಲೆ ನೆಲ ನೋಡಿ. ಶೂಟರ್ ನಿಲ್ಲೋ ಗೆರೆ ಹತ್ರ ಚಪ್ಪಟೆಯಾದ ಪೆಲೆಟ್ ಚೂರು ಬಿದ್ದಿದ್ರೆ ಟಾರ್ಗೆಟ್ ಹಿಂದೆ ಪೆಲೆಟ್ ಹಿಡಿಯೋ ಟ್ರ್ಯಾಪಿಂದ ಪೆಲೆಟ್ ವಾಪಸ್ ಚಿಮ್ಮಿ ಬರ್ತಿದೆ ಅಂತ ಅರ್ಥ, ಹತ್ತು ಮೀಟರ್ ಹಿಂದಕ್ಕೆ ಬಂದಿದ್ದು ಕಣ್ಣಿಗೂ ಬರಬಹುದು. ಹಂಗೆ ಕಂಡ್ರೆ ಕೇಳಿ, ಕನ್ನಡಕ ಕೊಡ್ತೀರಾ ಅಂತ. ಹಾಲ್ ಒಳಗೆ ವಡಾಪಾವ್ ತಿಂತಿದ್ರೆ ಅದೂ ತಪ್ಪು ಲಕ್ಷಣ, ಪೆಲೆಟ್ ಸೀಸ, ಬೆರಳಿಂದ ಬಾಯಿಗೆ ಹೋಗಬಾರದು, ಅದರಲ್ಲೂ ಮಕ್ಕಳಿಗೆ. ಪ್ರಾಕ್ಟೀಸ್ ಮುಗಿದ ಕೂಡಲೇ ಸೋಪು ಹಾಕಿ ಕೈ ತೊಳಿ ಅಂತ ಕೋಚ್ ಹೇಳ್ತಾರಾ, ಹೊರಗೆ ನಲ್ಲಿ ಸೋಪು ಇದೆಯಾ ನೋಡಿ. ಗನ್ನಿಗೆ ಹಾಕೋ ಗಾಳಿ ಸಿಲಿಂಡರ್ ಮೇಲೆ ತಾರೀಕು ಕೊರೆದಿರುತ್ತೆ, ಸಾಮಾನ್ಯವಾಗಿ ಹತ್ತು ವರ್ಷ ಆಯಸ್ಸು, ಒಳಗೆ 200 ಬಾರ್ ಒತ್ತಡ ಅಂದ್ರೆ ಕಾರಿನ ಟೈರಿನ ನೂರು ಪಾಲು ಹತ್ತಿರ ಹತ್ತಿರ, ತಾರೀಕು ಮೀರಿದ್ದನ್ನ ತುಂಬಿಸೋ ಜಾಗದಿಂದ ದೂರ ಇರಿ.

ಕಮಾಂಡ್ ಎಲ್ಲಾ ಕಡೆ ಇಂಗ್ಲಿಷಲ್ಲೇ, ಲೋಡ್, ಸ್ಟಾರ್ಟ್, ಸ್ಟಾಪ್, ಅನ್‌ಲೋಡ್. ಇದರಲ್ಲಿ ಸ್ಟಾಪ್ ಅನ್ನೋದನ್ನ ಯಾರು ಬೇಕಾದ್ರೂ ಕೂಗಬಹುದು, ಹತ್ತು ವರ್ಷದ ಮಗುವೂ, ಹಿಂದೆ ಕೂತ ತಾಯಿಯೂ. ನೀವು ನೋಡೋಕೆ ಹೋದ ಜಾಗದಲ್ಲಿ ಈ ಪ್ರಶ್ನೆ ಕೇಳಿ: ಇಲ್ಲಿ ಸ್ಟಾಪ್ ಯಾರು ಹೇಳಬಹುದು? ಬರೀ ಕೋಚ್ ಅಂದ್ರೆ ನಮಸ್ಕಾರ ಹೇಳಿ ಬನ್ನಿ.

ಹೊಸಬರನ್ನ ಹೆಂಗೆ ಕರ್ಕೋತಾರೆ

ಒಳ್ಳೆ ಕ್ಲಬ್ಬಲ್ಲಿ ಮೊದಲ ಹದಿನೈದು ನಿಮಿಷ ಗನ್ ಕೈಗೇ ಕೊಡಲ್ಲ. ನಾಲ್ಕೇ ಮಾತು ಹೇಳ್ತಾರೆ: ಪ್ರತಿ ಗನ್ನೂ ತುಂಬಿದೆ ಅಂತಲೇ ತಿಳ್ಕೋ, ಬ್ಯಾರಲ್ ಯಾವಾಗಲೂ ಟಾರ್ಗೆಟ್ ಕಡೆ, ಹೊಡೆಯೋ ಕ್ಷಣದವರೆಗೂ ಬೆರಳು ಟ್ರಿಗರ್ ಹೊರಗೆ, ಟಾರ್ಗೆಟ್ ಹಿಂದೆ ಏನಿದೆ ಅಂತ ಗೊತ್ತಿರಲಿ. ಆಮೇಲೆ ಕಣ್ಣು ನೋಡ್ತಾರೆ, ಎರಡೂ ಕೈ ಮುಂದೆ ಚಾಚಿ ಬೆರಳಲ್ಲಿ ಸಣ್ಣ ಕಿಂಡಿ ಮಾಡಿ ದೂರದ ವಸ್ತು ನೋಡಿಸಿ ಒಂದೊಂದೇ ಕಣ್ಣು ಮುಚ್ಚಿಸ್ತಾರೆ, ಬಲಗೈಯವರಿಗೂ ಗುರಿ ಹಿಡಿಯೋದ್ರಲ್ಲಿ ಎಡಗಣ್ಣೇ ಮುಂದಿರಬಹುದು, ಇದನ್ನ ನೋಡದೇ ಶುರು ಮಾಡಿ ಆರು ತಿಂಗಳು ಒದ್ದಾಡಿದ ಮಕ್ಕಳನ್ನ ನಾನು ಕಂಡಿದೀನಿ. ಆಮೇಲೆ ಖಾಲಿ ಗನ್ನಲ್ಲಿ ಡ್ರೈ ಫೈರ್, ಅಂದ್ರೆ ಪೆಲೆಟ್ ಇಲ್ಲದೇ ಟ್ರಿಗರ್ ಒತ್ತೋದು, ಆಮೇಲೆ ಸ್ಟ್ಯಾಂಡ್ ಮೇಲೆ ಇಟ್ಟು ಕರಿ ಚುಕ್ಕೆ ಇಲ್ಲದ ಬಿಳಿ ಹಾಳೆಗೆ ಹೊಡೆಸೋದು. ಬಿಳಿ ಹಾಳೇಲಿ ಹತ್ತು ಒಂಬತ್ತು ಅನ್ನೋದೇ ಇಲ್ಲ, ತೂತುಗಳು ಒಂದ್ಕಡೆ ಗುಂಪಾಗಿ ಬೀಳ್ತಿವೆಯಾ ಅಷ್ಟೇ, ಹಂಗಾಗಿ ಪಕ್ಕದೋರ ಜೊತೆ ಹೋಲಿಸಿ ನಾಚಿಕೆ ಪಡೋ ಪ್ರಸಂಗ ಬರಲ್ಲ.

ಹೊಸಬರು ಮಾಡೋ ಅತೀ ಸಾಮಾನ್ಯ ತಪ್ಪು ಒಂದಿದೆ. ಟ್ರಿಗರ್ ಒತ್ತಿದ್ರೂ ಹಾರಲಿಲ್ಲ ಅಂದ್ರೆ "ಸರ್ ಇದೇನಾಯ್ತು" ಅಂತ ಗನ್ ಸಮೇತ ಹಿಂದಕ್ಕೆ ತಿರುಗಿಬಿಡ್ತಾರೆ. ಬೇಕಂತ ಮಾಡೋದಲ್ಲ, ಯಾರನ್ನಾದ್ರೂ ಮಾತಾಡಿಸ್ಬೇಕಂದ್ರೆ ಮುಖ ತಿರುಗುತ್ತೆ, ಮುಖದ ಜೊತೆ ಮೈ, ಮೈ ಜೊತೆ ಬ್ಯಾರಲ್. ಇದನ್ನ ಬರೀ ಬಾಯಲ್ಲಿ ಹೇಳಿದ್ರೆ ಸಾಲದು, ನಾನು ಖಾಲಿ ಗನ್ ಕೊಟ್ಟು ಮೂರು ಸಲ ಮಾಡಿಸ್ತೀನಿ, "ಹಾರಲಿಲ್ಲ ಅನ್ಕೊಳ್ಳಿ, ಈಗೇನ್ಮಾಡ್ತೀರಿ?" ಅಂತ. ಬ್ಯಾರಲ್ ಹಂಗೇ ಎದುರಿಗೆ, ಬೆರಳು ಹೊರಗೆ, ಇನ್ನೊಂದು ಕೈ ಮೇಲೆ. ಅವರು ಕೈ ಎತ್ತಿದ ಕೂಡಲೇ ನಾನು ಪಕ್ಕಕ್ಕೆ ಹೋಗ್ತೀನಿ, ಅವರು ತಿರುಗೋ ಅವಶ್ಯಕತೆನೇ ಬರಬಾರದು, ಅದಕ್ಕೇ ಮೊದಲ ದಿನ ಹೊಸಬರ ಪಕ್ಕ ಒಬ್ಬರು ನಿಂತೇ ಇರಬೇಕು. ನಾಲ್ಕು ಹೊಸಬರಿಗೆ ಒಬ್ಬ ಕೋಚ್ ದೂರದಲ್ಲಿ ಕುರ್ಚಿ ಹಾಕ್ಕೊಂಡಿದ್ರೆ ಆ ಜಾಗ ಬೇಡ.

ಭಾಷೆ ವಿಷಯ ನಮಗೆ ವಿಶೇಷವಾಗಿ ಮುಖ್ಯ. ಇಲ್ಲಿ ಮರಾಠಿಲಿ ಇಲ್ಲಾ ಹಿಂದಿಲಿ ಹೇಳ್ಕೊಡ್ತಾರೆ, ಊರಿಂದ ಹೊಸದಾಗಿ ಬಂದ ಮಕ್ಕಳು, ವಯಸ್ಸಾದೋರು ಅರ್ಥ ಆಗದಿದ್ರೂ ಸಂಕೋಚಕ್ಕೆ ಹೂಂ ಹೂಂ ಅಂತ ತಲೆ ಆಡಿಸ್ತಾರೆ. ಕನ್ನಡ ಗೊತ್ತಿರೋ ಕೋಚ್ ಸಿಗಲೇಬೇಕು ಅಂತಿಲ್ಲ, ಆದ್ರೆ ಹೇಳಿದ್ದನ್ನ ವಾಪಸ್ ಮಾಡಿ ತೋರಿಸು ಅಂತ ಕೇಳೋ ಕೋಚ್ ಬೇಕು. ಹೋದ ಜನವರೀಲಿ ವಿಜಯಪುರ ಕಡೆಯ ಒಬ್ಬರು ಅಜ್ಜಿ ಮೊಮ್ಮಗನ ಜೊತೆ ಬಂದಿದ್ರು, ಬರೀ ನೋಡೋಕೆ. ನೀವೂ ಒಂದ್ಸಲ ಹಿಡೀರಿ ಅಂದೆ. ಸೆರಗು ಸೊಂಟಕ್ಕೆ ಬಿಗಿದು ಸಿಕ್ಕಿಸಿದ್ರು, ಬಲಗೈ ಬಳೆ ಪಿಸ್ತೂಲ್ ಗ್ರಿಪ್ಪಿಗೆ ತಾಗ್ತಿತ್ತು, ಅವನ್ನ ಮೊಣಕೈ ಕಡೆಗೆ ಸರಿಸಿ ಕರ್ಚೀಫ್ ಕಟ್ಟಿದೆ. ಅವರಿಗೆ ಸ್ಟಾಪ್ ಬದಲು "ನಿಲ್ಲಸ್ರಿ" ಅಂತ ಹೇಳಿಕೊಟ್ಟು ಎರಡು ಸಲ ಕೂಗಿ ಪರೀಕ್ಷೆ ಮಾಡಿದೆ, ಎರಡೂ ಸಲ ತಕ್ಷಣ ಬೆರಳು ತೆಗೆದ್ರು. ಸ್ಟ್ಯಾಂಡ್ ಮೇಲಿಟ್ಟು ಐದು ಪೆಲೆಟ್ ಹೊಡೆದ್ರು, ನಾಲ್ಕು ಹಾಳೇಲಿ ಬಿದ್ವು. "ತೂತು ಬಿತ್ತಲ್ಲ ಯವ್ವಾ" ಅಂದು ಆ ಹಾಳೆ ಮಡಚಿ ಚೀಲಕ್ಕೆ ಹಾಕ್ಕೊಂಡ್ರು. ಮೊಮ್ಮಗ ಈಗ ನಮ್ಮಲ್ಲೇ ಕಲೀತಿದಾನೆ, ಅಜ್ಜಿ ಊರಿಗೆ ಹೋಗೋವರೆಗೂ ಪ್ರತಿ ಭಾನುವಾರ ಬಂದ್ರು.

ಫೋಟೋ ಬಗ್ಗೆಯೂ ಹೇಳ್ಬೇಕು. ಗನ್ ಹಿಡ್ಕೊಂಡು ಸೆಲ್ಫಿ ತೆಗೀಬೇಕು ಅನ್ನೋದು ಎಲ್ಲಾರಿಗೂ ಆಸೆ, ಅದನ್ನ ಬೈದು ಓಡಿಸೋ ಕ್ಲಬ್ಬೂ ಇದೆ, ಹೆಂಗೆ ಬೇಕಾದ್ರೂ ಹಿಡ್ಕೊಳ್ಳಿ ಅನ್ನೋ ಕ್ಲಬ್ಬೂ ಇದೆ. ಸರಿಯಾದ ಕ್ಲಬ್ ಕೊನೇಲಿ ತಾನೇ ಫೋಟೋ ತೆಗೆದು ಕೊಡುತ್ತೆ, ಫ್ಲ್ಯಾಗ್ ಹಾಕಿ, ಟಾರ್ಗೆಟ್ ಕಡೆ ಮುಖ ಮಾಡಿಸಿ.

ರೈಫಲ್ಲಾ ಪಿಸ್ತೂಲಾ

ರೈಫಲ್ ಟಾರ್ಗೆಟ್ಟಿನ ಹತ್ತು ಅಂದ್ರೆ ಅರ್ಧ ಮಿಲಿಮೀಟರಿನ ಚುಕ್ಕೆ, ಪಿಸ್ತೂಲಿನ ಹತ್ತು 11.5 ಮಿಲಿಮೀಟರ್. ಹಂಗಂತ ಪಿಸ್ತೂಲ್ ಸುಲಭ ಅಲ್ಲ, ಅದನ್ನ ಒಂದೇ ಕೈಲಿ ಚಾಚಿ ಹಿಡೀಬೇಕು, ಏನೂ ಆಸರೆ ಇಲ್ಲ. ರೈಫಲ್ 5.5 ಕೆಜಿವರೆಗೂ ತೂಗುತ್ತೆ, ಬೆನ್ನಿಗೆ ಭಾರ, ಜಾಕೆಟ್ ಪ್ಯಾಂಟು ಶೂ ಗ್ಲೌಸ್ ಎಲ್ಲಾ ಬೇಕು, ಬೆಳೆಯೋ ಮಕ್ಕಳಿಗೆ ಜಾಕೆಟ್ ಎರಡು ವರ್ಷಕ್ಕೆ ಚಿಕ್ಕದಾಗುತ್ತೆ. ಪಿಸ್ತೂಲಿಗೆ ಆ ಖರ್ಚಿಲ್ಲ, ತೂಕ ಒಂದೂವರೆ ಕೆಜಿ ದಾಟಲ್ಲ, ನನ್ನ ಹಾಗೆ ನಲವತ್ತು ದಾಟಿದ ಮೇಲೆ ಶುರು ಮಾಡೋರಿಗೆ ಅದೇ ವಾಸಿ ಅಂತ ನನ್ನ ಅನುಭವ. ಸೇಫ್ಟಿ ದೃಷ್ಟಿಯಿಂದ ನೋಡಿದ್ರೆ ಪಿಸ್ತೂಲಿನ ಬ್ಯಾರಲ್ ಗಿಡ್ಡ, ಮಣಿಕಟ್ಟು ಸ್ವಲ್ಪ ತಿರುಗಿದ್ರೂ ಪಕ್ಕದ ಲೇನ್ ಕಡೆ ಹೋಗಿರುತ್ತೆ, ಅದಕ್ಕೇ ತುಂಬಾ ಚಿಕ್ಕ ಮಕ್ಕಳಿಗೆ ಸ್ಟ್ಯಾಂಡ್ ಮೇಲಿನ ರೈಫಲ್ಲಿಂದ ಶುರು ಮಾಡಿಸೋದನ್ನ ನಾನು ಇಷ್ಟಪಡ್ತೀನಿ. ಎರಡನ್ನೂ ಒಂದೊಂದು ತಿಂಗಳು ಹಿಡಿಸಿ ನೋಡ್ತೀವಿ ಅನ್ನೋ ಕ್ಲಬ್ ಸಿಕ್ರೆ ಬಿಡಬೇಡಿ.

ಸ್ವಂತ ಗನ್ ಬೇಗ ಕೊಳ್ಳಬೇಡಿ. ಹೊರದೇಶದ ವಾಲ್ತರ್, ಫೈನ್‌ವರ್ಕ್‌ಬೌ, ಸ್ಟೈರ್, ಮೊರಿನಿ ಇವೆಲ್ಲಾ ಲಕ್ಷದ ಲೆಕ್ಕ. ಸೇರಿದ ಎರಡನೇ ವಾರಕ್ಕೇ ಗನ್ ತಗೊಳ್ಳಿ, ನಮ್ಮ ಮೂಲಕ ತಗೊಳ್ಳಿ ಅಂತ ಒತ್ತಾಯ ಮಾಡಿದ್ರೆ ಆರು ತಿಂಗಳು ಕ್ಲಬ್ಬಿಂದೇ ಸಾಕು ಅಂತ ನೇರವಾಗಿ ಹೇಳಿ. ಫೀಸು ಕೇಳೋವಾಗ ಅದರಲ್ಲಿ ಲೇನ್, ಗನ್, ಪೆಲೆಟ್, ಕೋಚಿಂಗ್ ನಾಲ್ಕೂ ಸೇರಿದೆಯಾ ಅಂತ ಬಿಡಿಸಿ ಕೇಳಿ, ಕೆಲವು ಕಡೆ ಪೆಲೆಟ್ ಡಬ್ಬಿ ಬೇರೆ, ಅದೇ ತಿಂಗಳ ಕೊನೆಗೆ ಭಾರ ಆಗುತ್ತೆ. ಮೂರು ತಿಂಗಳದ್ದು ಒಟ್ಟಿಗೆ ಕಟ್ಟೋಕೆ ಮುಂಚೆ ಒಂದು ತಿಂಗಳು ನೋಡಿ.

ಹೋಗೋದು ಶನಿವಾರ ಅಥವಾ ಭಾನುವಾರ, ಜನ ತುಂಬಿರೋ ಟೈಮಿಗೇ ಹೋಗಿ, ಖಾಲಿ ರೇಂಜಲ್ಲಿ ಎಲ್ಲಾರೂ ಶಿಸ್ತಾಗೇ ಇರ್ತಾರೆ. ಫೋನ್ ಮಾಡಿ ಒಂದು ಗಂಟೆ ಹಿಂದೆ ಕೂತು ಸುಮ್ನೆ ನೋಡಬಹುದಾ ಅಂತ ಕೇಳಿ. ಬನ್ನಿ ಅಂದ್ರೆ ಹೋಗಿ, ಕಾಲಿಗೆ ಚಪ್ಪಲಿ ಬದಲು ಚಪ್ಪಟೆ ತಳದ ಶೂ ಹಾಕ್ಕೊಳ್ಳಿ, ಮಗುವಿಗೂ ಹಾಕಿಸಿ, ಆಗ ಹಿಡಿದು ನೋಡಿ ಅಂತ ಕರೆದ್ರೆ ಅಲ್ಲೇ ಶುರು ಮಾಡಬಹುದು.